ತುಣುಕುಗಳಾಗಿ ಬರುವ ಪುಟ

ಜಾಲಪುಟವೊಂದು ಕಣ್ಣಿಗೆ ಅಖಂಡ ವಸ್ತುವೆಂಬಂತೆ ತೋರಿದರೂ, ವಾಸ್ತವದಲ್ಲಿ ಅದು ಹತ್ತಾರು, ಕೆಲವೊಮ್ಮೆ ನೂರಾರು ಕಡತಗಳು ಬೇರೆಬೇರೆ ಕ್ಷಣಗಳಲ್ಲಿ ಸರ್ವರಿನಿಂದ ಹೊರಟುಬಂದು ನಮ್ಮ ಬ್ರೌಸರಿನೊಳಗೆ ಕೂಡಿಕೊಂಡ ಸಮುಚ್ಚಯ. ಅವುಗಳಲ್ಲಿ ಒಂದು ಬಾರದೆ ಹೋದರೆ, ಗುಂಡಿಯನ್ನು ಎಷ್ಟು ಒತ್ತಿದರೂ ಮುಂದಿನ ಪುಟ ತೆರೆದುಕೊಳ್ಳುವುದಿಲ್ಲ. ಎಲ್ಲವೂ ಬಂದು, ಬಂದ ಸರದಿ ಮಾತ್ರ ತಪ್ಪಿದರೆ, ನಿನ್ನೆ ನೀಲಿಯಾಗಿದ್ದ ಶೀರ್ಷಿಕೆ ಇಂದು ಕಪ್ಪಾಗಿ, ಪಕ್ಕದಲ್ಲಿರಬೇಕಾದ ಅಂಕಣ ಕೆಳಗೆ ಜಾರಿರುತ್ತದೆ. ಇಂಥ ದೋಷಗಳನ್ನು ತಿದ್ದಲು ಕುಳಿತವರು ತಾವು ಬರೆದ ಕೋಡನ್ನೇ ಸಾಲುಸಾಲಾಗಿ ಶೋಧಿಸತೊಡಗುವುದುಂಟು. ಬಹುಪಾಲು ಸಂದರ್ಭಗಳಲ್ಲಿ ದೋಷದ ಮೂಲವು ಕಡತಗಳು ಬಂದ ಕಾಲದಲ್ಲಿ ಮತ್ತು ಬಂದ ಕ್ರಮದಲ್ಲಿ ಇರುತ್ತದೆಂಬುದು ನನ್ನ ದೃಢವಾದ ಅಭಿಪ್ರಾಯ.

ದೊಡ್ಡ ಕ್ರಮವಿಧಿಯನ್ನು ಭಾಗಗಳಾಗಿ ವಿಂಗಡಿಸುವ ವಿಚಾರ ಹೊಸದೇನಲ್ಲ. ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಮಾಡ್ಯೂಲು ತನ್ನೊಳಗೆ ಮರೆಸಿಟ್ಟುಕೊಳ್ಳಬೇಕೆಂದು ಡೇವಿಡ್ ಪಾರ್ನಾಸ್ 1972ರಲ್ಲಿಯೇ ಪ್ರತಿಪಾದಿಸಿದ್ದರು. ಆದರೆ 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪಿಗಾಗಿ ರಚಿಸಿದ ಜಾವಾಸ್ಕ್ರಿಪ್ಟಿಗೆ ಆ ಭಾಗ್ಯವಿರಲಿಲ್ಲ. ಭಾಷೆಯ ಪ್ರಮಾಣಗ್ರಂಥದೊಳಕ್ಕೆ ಮಾಡ್ಯೂಲು ಪ್ರವೇಶ ಪಡೆದದ್ದು 2015ರಲ್ಲಿ. ಅಷ್ಟರೊಳಗೆ ವೆಬ್‌ಪ್ಯಾಕಿನಂಥ ಬಂಡಲರುಗಳು ಹುಟ್ಟಿಕೊಂಡು, ಬಿಡಿ ಮಾಡ್ಯೂಲುಗಳನ್ನೆಲ್ಲ ಒಟ್ಟುಗೂಡಿಸಿ, ಓದುಗನಿಗೆ ಮೊದಲಲ್ಲಿ ಬೇಕಾದಷ್ಟನ್ನು ಒಂದು ಕಡತವಾಗಿಯೂ ಆಮೇಲೆ ಬೇಕಾಗಬಹುದಾದುದನ್ನು ಚಂಕುಗಳೆಂಬ ಬೇರೆ ಕಡತಗಳಾಗಿಯೂ ಕತ್ತರಿಸಿಕೊಡುವ ಪದ್ಧತಿಯನ್ನು ರೂಢಿಗೆ ತಂದಿದ್ದವು. ನಿಧಾನವಾದ ಸಂಪರ್ಕವುಳ್ಳ ಮೊಬೈಲಿನಲ್ಲಿಯೂ ಮೊದಲ ಪುಟ ಬೇಗ ಮೂಡುವಂತೆ ಮಾಡುವ ಈ ಉಪಾಯವು ನಿಜವಾಗಿಯೂ ಜನೋಪಕಾರಿಯಾದದ್ದು. ಅದರ ಬೆನ್ನಿಗೇ ಒಂದು ಅಪಾಯವೂ ಬಂದಿತು.

ಬಂಡಲರು ಪ್ರತಿಯೊಂದು ಚಂಕಿನ ಹೆಸರಿಗೂ, ಅದರ ಒಳಗಿನ ಪಠ್ಯದಿಂದಲೇ ಗಣಿಸಿ ತೆಗೆದ ಹ್ಯಾಶ್ ಎಂಬ ಅಕ್ಷರಾಂಕಗಳ ಗುಚ್ಛವನ್ನು ಸೇರಿಸುತ್ತದೆ. ಪಠ್ಯ ಬದಲಾದರೆ ಹೆಸರೂ ಬದಲಾಗುವುದರಿಂದ, ಅಂಥ ಕಡತವನ್ನು ಬ್ರೌಸರು ಒಂದು ವರ್ಷದವರೆಗೂ, ಎಂದರೆ 31536000 ಸೆಕೆಂಡುಗಳವರೆಗೂ, ತನ್ನ ಕ್ಯಾಶಿನಲ್ಲಿ ನಿಶ್ಚಿಂತೆಯಿಂದ ಇಟ್ಟುಕೊಳ್ಳಬಹುದು. ಈಗ ಒಬ್ಬ ವಿದ್ಯಾರ್ಥಿ ಪ್ರವೇಶದ ಅರ್ಜಿಯೊಂದನ್ನು ಅರ್ಧ ತುಂಬಿ, ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿಸಿ ತರಲೆಂದು ಎದ್ದುಹೋದನೆನ್ನೋಣ. ಆತನು ಹಿಂದಿರುಗುವುದರೊಳಗೆ ತಾಣದವರು ಹೊಸ ಆವೃತ್ತಿಯನ್ನು ಸರ್ವರಿಗೆ ಏರಿಸಿ, ಹಳೆಯ ಕಡತಗಳನ್ನು ಅಳಿಸಿಬಿಟ್ಟಿದ್ದಾರೆ. ಆತನ ಎದುರಿನಲ್ಲಿರುವ ಪುಟವು ನಿನ್ನೆಯದು. ಅದು ಕೇಳುವ ಚಂಕಿನ ಹೆಸರೂ ನಿನ್ನೆಯದು. ಕಪಾಟುಗಳೆಲ್ಲ ಸ್ಥಳ ಬದಲಿಸಿದ ಮೇಲೆ ಗ್ರಂಥಾಲಯದ ಹಳೆಯ ಸೂಚೀಪಟ್ಟಿಯನ್ನು ಹಿಡಿದು ಪುಸ್ತಕ ಹುಡುಕುವವನ ಸ್ಥಿತಿ ಅದರದು. ಚಂಕ್‌ಲೋಡ್‌ಎರರ್ ಎಂಬ ದೋಷಸಂದೇಶ ಬಹುಮಟ್ಟಿಗೆ ಹುಟ್ಟುವುದು ಹೀಗೆಯೇ. ತಾಣವನ್ನು ಕಟ್ಟಿದವರ ಯಂತ್ರದಲ್ಲಿ ಪುಟವು ಯಾವಾಗಲೂ ಹೊಸದೇ ಆಗಿರುವುದರಿಂದ, ಅವರಿಗೆ ಇದು ಕಾಣಿಸುವುದೇ ಇಲ್ಲ; ದೂರು ಹೇಳಿದ ಬಳಕೆದಾರನ ಮಾತನ್ನು ಅವರು ನಂಬದಿರುವುದಕ್ಕೂ ಇದೇ ಕಾರಣ.

ಇದಕ್ಕಿಂತಲೂ ಹೆಚ್ಚು ದಾರಿತಪ್ಪಿಸುವ ಇನ್ನೊಂದು ರೂಪವುಂಟು. ಒಂದೇ ಪುಟದೊಳಗೆ ಎಲ್ಲವನ್ನೂ ನಡೆಸುವ ಅಪ್ಲಿಕೇಶನ್ನುಗಳಲ್ಲಿ, ತನಗೆ ತಿಳಿಯದ ಯಾವ ವಿಳಾಸ ಕೇಳಿಬಂದರೂ ಮುಖ್ಯ ಎಚ್‌ಟಿಎಂಎಲ್ ಪುಟವನ್ನೇ ಕೊಟ್ಟುಬಿಡು ಎಂದು ಸರ್ವರಿಗೆ ಕಟ್ಟಳೆ ಮಾಡಿಟ್ಟಿರುತ್ತಾರೆ. ಆಗ, ಇಲ್ಲದ ಚಂಕನ್ನು ಕೇಳಿದ ಬ್ರೌಸರಿಗೆ 404 ಎಂಬ ಪ್ರಾಮಾಣಿಕ ಉತ್ತರ ದೊರೆಯದೆ, 200 ಎಂಬ ಯಶಸ್ಸಿನ ಸಂಕೇತದೊಡನೆ ಎಚ್‌ಟಿಎಂಎಲ್ ಪಠ್ಯ ಬಂದಿಳಿಯುತ್ತದೆ. ಜಾವಾಸ್ಕ್ರಿಪ್ಟೆಂದು ಅದನ್ನು ಓದಹೊರಟ ಬ್ರೌಸರು ಮೊದಲ ಅಕ್ಷರದಲ್ಲಿಯೇ ಎಡವಿ, ಅನಿರೀಕ್ಷಿತವಾದ '<' ಚಿಹ್ನೆ ಕಂಡಿತೆಂದು ಕನ್ಸೋಲಿನಲ್ಲಿ ಬರೆಯುತ್ತದೆ. ಕಡತವನ್ನು ಮಾಡ್ಯೂಲೆಂದು ಕೇಳಿದ್ದರೆ, ಅದರ ಮೈಮ್ ಪ್ರಕಾರ ಸರಿಯಿಲ್ಲವೆಂದು ತಿರಸ್ಕರಿಸುತ್ತದೆ. ಸಂದೇಶವನ್ನು ಕಂಡವರು ವ್ಯಾಕರಣದೋಷವೆಂದು ತಿಳಿದು, ತಪ್ಪಿಲ್ಲದ ಕಡತದಲ್ಲಿ ತಪ್ಪನ್ನು ಹುಡುಕುತ್ತ ಹೊತ್ತು ಕಳೆಯುತ್ತಾರೆ.

ಆದಕಾರಣ ದೋಷಶೋಧಕನು ಮೊದಲು ನೋಡತಕ್ಕದ್ದು, ನಿಜವಾಗಿ ಬಂದದ್ದೇನು ಎಂಬುದನ್ನು. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬನ್ನು ತೆರೆದರೆ, ಕೇಳಿದ ಪ್ರತಿಯೊಂದು ಕಡತದ ವಿಳಾಸ, ಉತ್ತರದ ಸಂಖ್ಯೆ, ಪ್ರಕಾರ, ಅದು ಸರ್ವರಿನಿಂದ ಬಂದಿತೋ ಕ್ಯಾಶಿನಿಂದಲೋ ಎಂಬ ವಿವರ, ಕೊನೆಗೆ ಬಂದ ಪಠ್ಯವೇ ಕಣ್ಣೆದುರಿಗೆ ನಿಲ್ಲುತ್ತದೆ. ವಿಂಡೋಸ್ ಯಂತ್ರದಲ್ಲಿ ಸಿಕ್ಕ ಕಡತವು ಲಿನಕ್ಸ್ ಸರ್ವರಿನಲ್ಲಿ ಸಿಗದಿದ್ದರೆ, ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸವಿದೆಯೇ ಎಂದೂ ನೋಡಬೇಕು. ಇನ್ನು ಪರಿಹಾರದ ವಿಷಯ: ಮುಖ್ಯ ಪುಟವನ್ನು ಪ್ರತಿಸಲವೂ ಸರ್ವರಿನೊಡನೆ ತಾಳೆನೋಡಿಯೇ ಬಳಸುವಂತೆ ಬ್ರೌಸರಿಗೆ ಸೂಚಿಸುವುದು, ಹಳೆಯ ಚಂಕುಗಳನ್ನು ಕೆಲವು ದಿನಗಳಾದರೂ ಸರ್ವರಿನಲ್ಲಿ ಉಳಿಸುವುದು, ಚಂಕುಗಳ ಕೋಶದಲ್ಲಿ ಇಲ್ಲದ್ದಕ್ಕೆ 404 ಎಂದೇ ಉತ್ತರಿಸುವುದು. ಚಂಕು ಬಾರದಿದ್ದೊಡನೆ ಪುಟವನ್ನು ತಾನಾಗಿಯೇ ಮರುಲೋಡ್ ಮಾಡಿಬಿಡುವ ಅಭ್ಯಾಸವನ್ನು ಮಾತ್ರ ನಾನು ಒಪ್ಪಲಾರೆ. ಆ ವಿದ್ಯಾರ್ಥಿ ತುಂಬಿದ ಅರ್ಧ ಅರ್ಜಿಯನ್ನು ಮೊದಲು ಕಾಪಾಡಿ, ಅನಂತರವೇ ಅವನನ್ನು ಕೇಳಿ ಹೊಸ ಪುಟಕ್ಕೆ ಕರೆದೊಯ್ಯಬೇಕು.

ಸ್ಟೈಲ್‌ಶೀಟಿನ ದೋಷಗಳು ಇನ್ನಷ್ಟು ಸೂಕ್ಷ್ಮವಾದವು, ಏಕೆಂದರೆ ಅಲ್ಲಿ ಎಲ್ಲ ಕಡತಗಳೂ ಸರಿಯಾಗಿ ಬಂದಿದ್ದರೂ ಫಲ ತಪ್ಪಾಗಬಹುದು. ಹೋಕೊನ್ ವಿಯುಮ್ ಲೀ 1994ರಲ್ಲಿ ಸೂಚಿಸಿ, 1996ರ ಡಿಸೆಂಬರಿನಲ್ಲಿ ಪ್ರಮಾಣವಾಗಿ ಹೊರಬಂದ ಸಿಎಸ್‌ಎಸ್ಸಿನಲ್ಲಿ, ಒಂದೇ ಅಂಗಕ್ಕೆ ಎರಡು ನಿಯಮಗಳು ಅನ್ವಯಿಸಿದಾಗ ಹೆಚ್ಚು ನಿರ್ದಿಷ್ಟವಾದದ್ದು ಗೆಲ್ಲುತ್ತದೆ. ನಿರ್ದಿಷ್ಟತೆಯೂ ಸಮವಾದರೆ, ಹಿಂದಿನದನ್ನು ಮೀರಿ ಕೊನೆಯಲ್ಲಿ ಬಂದದ್ದು ನಿಲ್ಲುತ್ತದೆ. ಇಡೀ ತಾಣಕ್ಕೆ ಒಂದೇ ಸ್ಟೈಲ್‌ಶೀಟ್ ಇದ್ದ ಕಾಲದಲ್ಲಿ ಕೊನೆಯದು ಯಾವುದೆಂಬುದು ಬರೆದವನಿಗೆ ತಿಳಿದಿತ್ತು. ತುಣುಕುಗಳಾಗಿ ಬರುವ ತಾಣದಲ್ಲಿ ಅದನ್ನು ನಿರ್ಣಯಿಸುವವನು, ಯಾವ ಪುಟಕ್ಕೆ ಮೊದಲು ಹೋದನೋ ಆ ಓದುಗ. ಮುಖಪುಟದಿಂದ ಪಾವತಿಯ ಪುಟಕ್ಕೆ ನಡೆದುಬಂದವನಿಗೆ ಒಂದು ರೂಪ. ನೇರವಾಗಿ ಪಾವತಿಯ ಪುಟವನ್ನೇ ತೆರೆದವನಿಗೆ ಇನ್ನೊಂದು. ಮರುಲೋಡ್ ಮಾಡಿದರೆ ಸರಿಹೋಗುವ, ನಡೆದುಬಂದರೆ ಕೆಡುವ ಅಲಂಕಾರವನ್ನು ಕಂಡಾಗ, ಕ್ರಮವೇ ತಪ್ಪಿದೆಯೆಂದು ಊಹಿಸಬಹುದು. ಮೇಲಾಗಿ, ಅಭಿವೃದ್ಧಿಯ ಹಂತದಲ್ಲಿ ಶೈಲಿಯನ್ನು ಜಾವಾಸ್ಕ್ರಿಪ್ಟೇ ಪುಟದೊಳಗೆ ಸೇರಿಸುತ್ತಿದ್ದು, ಅಂತಿಮ ಬಿಲ್ಡಿನಲ್ಲಿ ಅದು ಪ್ರತ್ಯೇಕ ಕಡತವಾಗಿ ಹೊರಬರುವುದರಿಂದ, ಎರಡರ ಕ್ರಮಗಳು ಬೇರೆಯಾಗುವ ಸಂಭವವೂ ಇದೆ. ಕ್ರಮದಲ್ಲಿ ಘರ್ಷಣೆಯಿದೆಯೆಂದು ವೆಬ್‌ಪ್ಯಾಕಿನ ಸಿಎಸ್‌ಎಸ್ ಪ್ಲಗಿನ್ನು ಎಚ್ಚರಿಸಿದರೆ, ಆ ಎಚ್ಚರಿಕೆಯನ್ನು ಅಡಗಿಸಿಬಿಡುವ ಆಯ್ಕೆಯನ್ನು ಬಳಸಕೂಡದು.

ಇಂಪಾರ್ಟೆಂಟ್ ಎಂಬ ಗುರುತನ್ನು ಹಚ್ಚಿ ನಿಯಮವನ್ನು ಬಲಾತ್ಕಾರವಾಗಿ ಗೆಲ್ಲಿಸುವುದು ಸುಲಭ. ಅದನ್ನು ಸೋಲಿಸಲು ನಾಳೆ ಇನ್ನೊಬ್ಬನು ಅದೇ ಗುರುತನ್ನು ಹಚ್ಚುತ್ತಾನೆ. ಪ್ರತಿ ಮಾಡ್ಯೂಲಿನ ಕ್ಲಾಸುಗಳಿಗೂ ಅನನ್ಯವಾದ ಹೆಸರನ್ನು ಯಂತ್ರವೇ ಕೊಡುವ ಸಿಎಸ್‌ಎಸ್ ಮಾಡ್ಯೂಲ್ಸ್ ಪದ್ಧತಿ ಇದಕ್ಕಿಂತ ಮೇಲು. 2022ರಿಂದ ಪ್ರಮುಖ ಬ್ರೌಸರುಗಳಲ್ಲೆಲ್ಲ ದೊರೆತಿರುವ ಕ್ಯಾಸ್ಕೇಡ್ ಲೇಯರುಗಳು ಇನ್ನೂ ನೇರವಾಗಿ ಮೂಲವನ್ನೇ ಮುಟ್ಟುತ್ತವೆ: ಅಡಿಪಾಯದ ಶೈಲಿ, ಘಟಕಗಳ ಶೈಲಿ, ಪುಟದ ಶೈಲಿ ಎಂಬ ಸ್ತರಗಳ ಅನುಕ್ರಮವನ್ನು ಮೊದಲು ಬರುವ ಕಡತದ ಆರಂಭದಲ್ಲಿ ಒಮ್ಮೆ ಘೋಷಿಸಿದರೆ, ಆಮೇಲೆ ಯಾವ ತುಣುಕು ಯಾವಾಗ ಬಂದರೂ ಅದರ ನಿಯಮಗಳು ತಮ್ಮ ಸ್ತರದಲ್ಲಿಯೇ ಹೋಗಿ ಸೇರುತ್ತವೆ. ಒಂದೇ ಸ್ತರದೊಳಗಿನ ನಿಯಮಗಳ ನಡುವೆ ಮಾತ್ರ ಬಂದ ಕ್ರಮವು ಮೊದಲಿನಂತೆಯೇ ನಿರ್ಣಾಯಕವಾಗಿರುತ್ತದೆ. ಯಾವ ಸ್ತರಕ್ಕೂ ಸೇರಿಸದೆ ಬಿಟ್ಟ ಸಾಮಾನ್ಯ ನಿಯಮಗಳು ಎಲ್ಲ ಸ್ತರಗಳನ್ನೂ ಮೀರುವುದರಿಂದ, ಹೊರಗಿನಿಂದ ತಂದ ಲೈಬ್ರರಿಯ ಶೈಲಿಯನ್ನು ಮೊಟ್ಟಮೊದಲು ಒಂದು ಕೆಳಸ್ತರದಲ್ಲಿ ಇರಿಸಬೇಕು.