ಹಾಲನ್ನು ಬಿಟ್ಟವರ ಊಟ

ಪ್ರಾಣಿಜನ್ಯವಾದ ಯಾವ ಪದಾರ್ಥವನ್ನೂ ಸೇವಿಸದ ಆಹಾರಕ್ರಮಕ್ಕೆ ವೀಗನ್ ಆಹಾರಕ್ರಮವೆಂದು ಹೆಸರು. ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರು ಹಾಗೂ ಜೇನುತುಪ್ಪವನ್ನೂ ಇದು ಹೊರಗಿಡುತ್ತದೆ. 1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವ್ಯಾಟ್ಸನ್ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ವೀಗನ್ ಸೊಸೈಟಿಯ ಮೂಲಕ ಈ ಹೆಸರು ಬಳಕೆಗೆ ಬಂದಿತು. ಪ್ರಾಣಿದಯೆಯಿಂದಲೋ, ಪರಿಸರದ ಕಾಳಜಿಯಿಂದಲೋ, ಹಾಲು ಜೀರ್ಣವಾಗದ ಕಾರಣದಿಂದಲೋ ಇಂದು ನಮ್ಮ ನಗರಗಳಲ್ಲಿಯೂ ಕೆಲವರು ಈ ಕ್ರಮವನ್ನು ಅನುಸರಿಸತೊಡಗಿದ್ದಾರೆ. ಆ ನಿರ್ಧಾರದ ಯುಕ್ತಾಯುಕ್ತತೆ ಇಲ್ಲಿನ ವಿಷಯವಲ್ಲ. ನಿರ್ಧಾರ ಕೈಗೊಂಡವರು ಮೊದಲ ದಿನದಿಂದಲೇ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿರುವ ಸಸ್ಯಾಹಾರಿ ಕನ್ನಡ ಕುಟುಂಬಗಳಿಗೆ ಈ ಬದಲಾವಣೆ ಮೇಲುನೋಟಕ್ಕೆ ಬಹಳ ಚಿಕ್ಕದಾಗಿ ಕಾಣುತ್ತದೆ. ಹುಳಿ, ಸಾರು, ಪಲ್ಯ, ಕೋಸಂಬರಿ, ಗೊಜ್ಜು, ಚಿತ್ರಾನ್ನ, ಜೋಳದ ರೊಟ್ಟಿ, ರಾಗಿ ಮುದ್ದೆ ಮುಂತಾದವು, ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ ಬಳಸಿದರೆ, ವೀಗನ್ ಅಡುಗೆಗಳೇ ಆಗಿವೆ. ಬಿಡಬೇಕಾದದ್ದು ಬೆಳಗಿನ ಕಾಫಿಯ ಹಾಲು, ಊಟದ ಕೊನೆಯ ಮೊಸರನ್ನ, ಹಬ್ಬದ ದಿನದ ತುಪ್ಪ, ಇಷ್ಟೇ. ಆದರೆ ಇಂತಹ ಮನೆಗಳಲ್ಲಿ ಕೆಲವು ಪೋಷಕಾಂಶಗಳನ್ನು ಒದಗಿಸುವ ಹೊಣೆಯನ್ನು ಹಾಲೊಂದೇ ಹೊತ್ತಿರುತ್ತದೆ. ಅದನ್ನು ತೆಗೆದ ಸ್ಥಳದಲ್ಲಿ ಏನನ್ನೂ ಇಡದಿದ್ದರೆ ಆಗುವ ಹಾನಿ ಕೂಡಲೇ ಗೋಚರಿಸುವುದಿಲ್ಲ.

ಸಸ್ಯಗಳು ಕೊಡದ ಜೀವಸತ್ತ್ವ

ಜೀವಸತ್ತ್ವ ಬಿ-12ನ್ನು ಸಸ್ಯಗಳಾಗಲಿ ಪ್ರಾಣಿಗಳಾಗಲಿ ತಯಾರಿಸಲಾರವು. ಕೆಲವು ಸೂಕ್ಷ್ಮಾಣುಜೀವಿಗಳು ಮಾತ್ರ ತಯಾರಿಸಬಲ್ಲವು. ಹಸು ಎಮ್ಮೆಗಳ ಹೊಟ್ಟೆಯಲ್ಲಿ ಅಂತಹ ಸೂಕ್ಷ್ಮಾಣುಗಳು ಉತ್ಪಾದಿಸಿದ ಬಿ-12 ಹಾಲಿನ ಮೂಲಕ ಮನುಷ್ಯನಿಗೆ ದೊರೆಯುತ್ತದೆ. ವಯಸ್ಕನಿಗೆ ದಿನಕ್ಕೆ ಬೇಕಾದದ್ದು ಸುಮಾರು 2ರಿಂದ 2.5 ಮೈಕ್ರೋಗ್ರಾಂ ಮಾತ್ರ. ಅರ್ಧ ಲೀಟರು ಹಸುವಿನ ಹಾಲಿನಲ್ಲಿ ಹೆಚ್ಚುಕಡಿಮೆ 2 ಮೈಕ್ರೋಗ್ರಾಂ ಇರುತ್ತದೆ. ಕಾಯಿಸಿದಾಗ ಅದರಲ್ಲಿಯೂ ಸ್ವಲ್ಪ ನಷ್ಟವಾಗುತ್ತದೆ. ಎರಡು ಲೋಟ ಕಾಫಿ, ಒಂದು ಬಟ್ಟಲು ಮಜ್ಜಿಗೆಯಲ್ಲಿ ದಿನ ಕಳೆಯುವ ಸಸ್ಯಾಹಾರಿಗಳಲ್ಲಿ ಅನೇಕರಿಗೆ ಹಾಲು ಬಿಡುವ ಮೊದಲೇ ಈ ಜೀವಸತ್ತ್ವದ ಕೊರತೆ ಇರುವುದುಂಟು.

ಬಿ-12 ಯಕೃತ್ತಿನಲ್ಲಿ ಸಂಗ್ರಹವಾಗುತ್ತದೆ. ಸಂಗ್ರಹ ತುಂಬಿದ್ದರೆ ಅದು ಕೆಲವು ವರ್ಷಗಳವರೆಗೂ ಸಾಲಬಹುದು. ಆದ್ದರಿಂದಲೇ ಹೊಸದಾಗಿ ಹಾಲು ಬಿಟ್ಟವರು ಒಂದೆರಡು ವರ್ಷ ಯಾವ ತೊಂದರೆಯೂ ಇಲ್ಲದೆ ಇದ್ದು, ಈ ಎಚ್ಚರಿಕೆಗಳೆಲ್ಲ ಅನಗತ್ಯವೆಂದು ಭಾವಿಸುತ್ತಾರೆ. ಬಳಿಕ ಸುಸ್ತು, ನಾಲಿಗೆಯ ಉರಿ, ಕೈಕಾಲುಗಳಲ್ಲಿ ಜೋಮು, ಮರೆವು, ನಡಿಗೆಯಲ್ಲಿ ಅಸ್ಥಿರತೆ ತೋರಿಕೊಳ್ಳಬಹುದು. ರಕ್ತಹೀನತೆಯನ್ನು ಚಿಕಿತ್ಸೆಯಿಂದ ಸರಿಪಡಿಸಬಹುದು. ಆದರೆ ಬಹುಕಾಲ ಉಪೇಕ್ಷಿಸಿದ ನರಗಳ ಹಾನಿ ಪೂರ್ಣವಾಗಿ ವಾಸಿಯಾಗದೆ ಉಳಿಯಬಹುದು.

ಇಲ್ಲಿ ಇನ್ನೊಂದು ತೊಡಕೂ ಇದೆ. ಅದನ್ನು ಅರಿಯಲು ಮುಂಬಯಿಯ ಚರಿತ್ರೆಯ ಒಂದು ಪ್ರಕರಣ ನೆರವಾಗುತ್ತದೆ. 1928ರಲ್ಲಿ ಇಂಗ್ಲೆಂಡಿನಿಂದ ಬಂದ ವೈದ್ಯೆ ಲೂಸಿ ವಿಲ್ಸ್ ಆ ನಗರದ ಬಟ್ಟೆ ಗಿರಣಿಗಳ ಗರ್ಭಿಣಿ ಕಾರ್ಮಿಕರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯನ್ನು ಅಭ್ಯಸಿಸಿದರು. ಯೀಸ್ಟಿನ ಸಾರವನ್ನು ಕೊಟ್ಟಾಗ ರೋಗ ಗುಣವಾಗುವುದನ್ನು ಕಂಡು 1931ರಲ್ಲಿ ವರದಿ ಪ್ರಕಟಿಸಿದರು. ಆ ಸಾರದಲ್ಲಿದ್ದ ವಸ್ತು ಫೋಲಿಕ್ ಆಮ್ಲವೆಂದು ಮುಂದೆ ತಿಳಿಯಿತು. ಬಿ-12 ಪ್ರತ್ಯೇಕಗೊಂಡದ್ದು 1948ರಲ್ಲಿ. ಈ ಎರಡರಲ್ಲಿ ಯಾವುದರ ಕೊರತೆಯಾದರೂ ರಕ್ತಕಣಗಳು ಒಂದೇ ರೀತಿಯಾಗಿ ಕೆಡುತ್ತವೆ. ಸೊಪ್ಪು, ಬೇಳೆ, ಕಾಳುಗಳಲ್ಲಿ ಫೋಲಿಕ್ ಆಮ್ಲದ ವರ್ಗದ ಅಂಶ ಸಮೃದ್ಧವಾಗಿರುವುದರಿಂದ ವೀಗನ್ ಊಟ ಮಾಡುವವರಲ್ಲಿ ಬಿ-12 ಕಡಿಮೆಯಾದರೂ ರಕ್ತ ಬಹುಮಟ್ಟಿಗೆ ಸರಿಯಾಗಿಯೇ ಕಾಣಿಸಬಹುದು. ಅಷ್ಟರಲ್ಲಿ ನರಗಳು ಸದ್ದಿಲ್ಲದೆ ಕ್ಷೀಣಿಸುತ್ತಿರುತ್ತವೆ. ಹಿಮೋಗ್ಲೋಬಿನ್ ಪರೀಕ್ಷೆಯೊಂದನ್ನೇ ನಂಬದೆ ಬಿ-12ರ ಮಟ್ಟವನ್ನು ಬೇರೆಯಾಗಿ ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ.

ಹುದುಗಿದ ಇಡ್ಲಿ ಹಿಟ್ಟಿನಲ್ಲಿ ಅಥವಾ ಸ್ಪಿರುಲಿನಾ ಎಂಬ ಪಾಚಿಯಲ್ಲಿ ಬಿ-12 ದೊರೆಯುತ್ತದೆಂಬ ಮಾತು ಪ್ರಚಾರದಲ್ಲಿದೆ. ಇಡ್ಲಿಯನ್ನು ನಂಬಬಹುದಾದ ಮೂಲವೆಂದು ಹೇಳಲಾಗದು. ಸ್ಪಿರುಲಿನಾದಲ್ಲಿರುವುದು ಬಹುಪಾಲು ಬಿ-12ನ್ನು ಹೋಲುವ, ಆದರೆ ಮಾನವ ಶರೀರಕ್ಕೆ ಉಪಯೋಗವಾಗದ ವಸ್ತು. ಉಳಿದಿರುವ ಮಾರ್ಗಗಳು ಎರಡು: ಬಿ-12 ಸೇರಿಸಿದ ಆಹಾರಗಳು ಅಥವಾ ಮಾತ್ರೆ. ಮಾತ್ರೆಯೇ ಸರಳ. ಪ್ರತಿದಿನ ಕನಿಷ್ಠ 10 ಮೈಕ್ರೋಗ್ರಾಂ, ಇಲ್ಲವೆ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ಎಂಬುದು ವೀಗನ್ ವಯಸ್ಕರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ. ಕರುಳು ಒಂದು ಸಲಕ್ಕೆ ಸುಮಾರು ಎರಡು ಮೈಕ್ರೋಗ್ರಾಂ ಮಾತ್ರ ಸುಲಭವಾಗಿ ಹೀರಿ, ಮಿಕ್ಕಿದ್ದರಲ್ಲಿ ಅತ್ಯಲ್ಪ ಭಾಗವನ್ನಷ್ಟೇ ಸ್ವೀಕರಿಸುವುದರಿಂದ ಈ ಅಂಕಿಗಳ ನಡುವೆ ಇಷ್ಟೊಂದು ಅಂತರ. ಈಗಾಗಲೇ ಕೊರತೆ ಇರುವವರಿಗೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅಥವಾ ಆಮ್ಲಪಿತ್ತಕ್ಕೆ ದೀರ್ಘಕಾಲ ಮಾತ್ರೆ ಸೇವಿಸುವವರಲ್ಲಿ ಮತ್ತು ವೃದ್ಧರಲ್ಲಿ ಬಿ-12ರ ಹೀರಿಕೆ ಮೊದಲೇ ಕುಗ್ಗಿರುತ್ತದೆ. ಅವರು ಹಾಲು ಬಿಡುವ ಮುನ್ನವೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರ ವಿಷಯದಲ್ಲಿ ರಿಯಾಯಿತಿಯೇ ಇಲ್ಲ. ತಾಯಿಯ ದೇಹದಲ್ಲಿ ಬಿ-12 ಇಲ್ಲದಿದ್ದರೆ ಎದೆಹಾಲಿನಲ್ಲಿಯೂ ಇರುವುದಿಲ್ಲ. ನಗುತ್ತ, ತಲೆ ಎತ್ತುತ್ತ ಬೆಳೆಯುತ್ತಿದ್ದ ಮಗು ಆರು ತಿಂಗಳು ಕಳೆದ ಮೇಲೆ ಮಂಕಾಗಿ, ಕಲಿತದ್ದನ್ನು ಮರೆತು, ಚರ್ಮ ಕಪ್ಪಾಗಿ, ಕೈಕಾಲು ನಡುಗುವ ಸ್ಥಿತಿಗೆ ಬರುವುದನ್ನು ಭಾರತದ ಮಕ್ಕಳ ವೈದ್ಯರು ಹಲವು ದಶಕಗಳಿಂದ ಕಂಡಿದ್ದಾರೆ. ತಾಯಿ ತಪ್ಪದೆ ಬಿ-12 ಸೇವಿಸಿದರೆ ಇದನ್ನು ತಡೆಯಬಹುದು. ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲು ಸೋಯಾ, ಬಾದಾಮಿ ಅಥವಾ ತೆಂಗಿನ ಹಾಲನ್ನು ಕೊಡಲೇಬಾರದು.

ಸುಣ್ಣದಂಶ ಮತ್ತು ಸಸಾರಜನಕ

ಸುಣ್ಣದಂಶದ ವಿಷಯದಲ್ಲಿ ಕನ್ನಡಿಗರ ಅಡುಗೆಮನೆ ಅದೃಷ್ಟಶಾಲಿ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ನೂರು ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಸುಣ್ಣದಂಶವಿದ್ದರೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ನುಗ್ಗೆಸೊಪ್ಪಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು. ಸಿಪ್ಪೆ ತೆಗೆಯದ ಎಳ್ಳಿನಲ್ಲಿ 1000ಕ್ಕೂ ಮೀರಿ ಇರುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಸುಣ್ಣದಂಶವನ್ನು ಸ್ವಲ್ಪಮಟ್ಟಿಗೆ ಹಿಡಿದಿಡುವುದು ನಿಜ. ನೆನೆಸಿ ಮೊಳಕೆ ಬರಿಸಿ ಹಿಟ್ಟು ಮಾಡುವ ಹಳೆಯ ಪದ್ಧತಿಯಿಂದ ಅದು ಕಡಿಮೆಯಾಗುತ್ತದೆ. ಪಾಲಕ್ ಸೊಪ್ಪಿನ ಸುಣ್ಣದಂಶ ಮಾತ್ರ ಆಕ್ಸಲೇಟಿನಿಂದಾಗಿ ಬಹುಪಾಲು ವ್ಯರ್ಥ.

ಪರನಾಡಿನ ಪೇಟೆಯಲ್ಲಿ ಹೆಸರು ತಿಳಿದಿದ್ದರೆ ಈ ಪದಾರ್ಥಗಳು ಸುಲಭವಾಗಿ ಸಿಗುತ್ತವೆ. ರಾಗಿಯನ್ನು ಮಹಾರಾಷ್ಟ್ರದಲ್ಲಿ ನಾಚಣಿ ಎಂದೂ ಹಿಂದಿ ನಾಡಿನಲ್ಲಿ ಮಡುವಾ ಎಂದೂ ತಮಿಳಿನಲ್ಲಿ ಕೇಳ್ವರಗು ಎಂದೂ ಕೇಳಬೇಕು. ಹುರುಳಿ ಮರಾಠಿಯಲ್ಲಿ ಕುಳೀಥ, ತಮಿಳಿನಲ್ಲಿ ಕೊಳ್ಳು, ತೆಲುಗಿನಲ್ಲಿ ಉಲವಲು, ಹಿಂದಿಯಲ್ಲಿ ಕುಲ್ಥಿ. ನುಗ್ಗೆ ಪುಣೆಯಲ್ಲಿ ಶೇವಗಾ, ಹೈದರಾಬಾದಿನಲ್ಲಿ ಮುನಗ, ದೆಹಲಿಯಲ್ಲಿ ಸಹಜನ್. ದೆಹಲಿಯ ಚಳಿಗಾಲದಲ್ಲಿ ಬಿಸಿಲು ಕಡಿಮೆಯಾದಾಗ ಸುಣ್ಣದಂಶ ಹೀರಲು ಬೇಕಾದ ಜೀವಸತ್ತ್ವ ಡಿ ಕೂಡ ಕಡಿಮೆಯಾಗುತ್ತದೆ. ಅದರ ಮಾತ್ರೆ ಕೊಳ್ಳುವಾಗ ಡಿ-3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಕೊಬ್ಬಿನಿಂದ ಬರುತ್ತದೆ ಎಂಬುದನ್ನು ವೀಗನ್‌ರು ನೆನಪಿಡಬೇಕು.

ಸಸಾರಜನಕಕ್ಕಾಗಿ ಹೆಚ್ಚು ಗಾಬರಿ ಬೇಡ. ಆದರೆ ಒಂದು ಸೌಟು ತಿಳಿ ಸಾರಿನಿಂದ ಅದು ಸಿಗುತ್ತದೆಂದು ಭ್ರಮಿಸಲೂ ಬಾರದು. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಅದಕ್ಕೆ ಧಾನ್ಯದ ಜೊತೆಗೆ 80ರಿಂದ 100 ಗ್ರಾಂ ಬೇಳೆಕಾಳು ಅಗತ್ಯ. ಗಟ್ಟಿ ತೊವ್ವೆ, ಹುರುಳಿ ಕಟ್ಟಿನ ಜೊತೆ ಕಾಳಿನ ಪಲ್ಯ, ಪುಣೆಯ ಉಸಳ, ಚೆನ್ನೈಯ ಸುಂಡಲ್, ದೆಹಲಿಯ ರಾಜ್ಮಾ ಎಲ್ಲವೂ ಇದಕ್ಕೆ ಒದಗುತ್ತವೆ. ಕೋಸಂಬರಿಗೆ ಹಿಂಡುವ ನಿಂಬೆರಸ ಕಬ್ಬಿಣಾಂಶದ ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟದ ಹಿಂದೆಯೇ ಕುಡಿಯುವ ಕಾಫಿ, ಚಹಾ ಅದನ್ನು ತಗ್ಗಿಸುತ್ತವೆ. ಉತ್ತರ ಕರ್ನಾಟಕದ ಅಗಸಿ ಹಿಂಡಿಯನ್ನು ಊಟದಲ್ಲಿ ಸೇರಿಸಿಕೊಂಡರೆ ಒಮೆಗಾ-3 ಕೊಬ್ಬಿನಾಮ್ಲವೂ ದೊರೆಯುತ್ತದೆ.

ಅಂಗಡಿಯಲ್ಲಿ, ಅಡುಗೆಮನೆಯಲ್ಲಿ

ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತೇ ಹೊರತು ವೀಗನ್ ಗುರುತಲ್ಲ; ಹಾಲು, ಜೇನುತುಪ್ಪವಿರುವ ತಿನಿಸಿಗೂ ಅದು ಇರುತ್ತದೆ. ವೀಗನ್ ಆಹಾರಗಳಿಗಾಗಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿ, ಹಸಿರು ಬಣ್ಣದ ವಿ ಅಕ್ಷರದ ಚಿಹ್ನೆಯನ್ನು ಗೊತ್ತುಪಡಿಸಿದೆ. ಚಿಹ್ನೆ ಇಲ್ಲದಿದ್ದಲ್ಲಿ ಪದಾರ್ಥಗಳ ಪಟ್ಟಿಯಲ್ಲಿ ಹಾಲಿನ ಘನಾಂಶ, ವೇ ಪುಡಿ, ಕೇಸೀನ್ ಎಂಬ ಹೆಸರುಗಳನ್ನು ಹುಡುಕಬೇಕು. ಬಿಸ್ಕತ್ತು, ಬ್ರೆಡ್ಡುಗಳಲ್ಲಿ ಇವು ಹೆಚ್ಚು. ಔಷಧದ ಕ್ಯಾಪ್ಸೂಲಿನ ಹೊದಿಕೆ ಹಲವು ವೇಳೆ ಜಿಲೆಟಿನ್ನಿನದು. ಆದರೆ ವೈದ್ಯರು ಬರೆದ ಔಷಧವನ್ನು ಈ ಕಾರಣಕ್ಕೆ ತಾವಾಗಿಯೇ ನಿಲ್ಲಿಸದೆ ಬದಲಿ ಇದೆಯೇ ಎಂದು ವಿಚಾರಿಸಬೇಕು.

ಬದಲಿ ಪಾನೀಯಗಳಲ್ಲಿ ಸಸಾರಜನಕದ ದೃಷ್ಟಿಯಿಂದ ಸೋಯಾ ಹಾಲಿನ ಹತ್ತಿರಕ್ಕೆ ಬರುತ್ತದೆ. ಬಾದಾಮಿ ಮತ್ತು ತೆಂಗಿನ ಹಾಲು ರುಚಿಗೆ ಸರಿ, ಪೋಷಣೆಗೆ ಅಲ್ಲ. ಮನೆಯಲ್ಲಿ ಸೋಯಾ ಹಾಲು ತಯಾರಿಸುವವರು ನೆನೆಸಿ ರುಬ್ಬಿ ಸೋಸಿದ್ದನ್ನು ಚೆನ್ನಾಗಿ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಸಸಾರಜನಕದ ಜೀರ್ಣಕ್ಕೆ ಅಡ್ಡಿಪಡಿಸುವ ಅಂಶವಿದೆ. ಅದರಲ್ಲಿ ಸುಣ್ಣದಂಶವೂ ಸಾಲದು. ಸುಣ್ಣದಂಶ ಸೇರಿಸಿದ ಅಂಗಡಿಯ ಪೊಟ್ಟಣವಾದರೆ ಬಗ್ಗಿಸುವ ಮುನ್ನ ಕುಲುಕಬೇಕು, ಏಕೆಂದರೆ ಅದು ತಳದಲ್ಲಿ ಕೂರುತ್ತದೆ. ಕಾಫಿ ತೀರ ಬಿಸಿಯಾಗಿದ್ದರೆ ಸೋಯಾ ಹಾಲು ಒಡೆಯುವುದುಂಟು. ಡಿಕಾಕ್ಷನ್ನು ಸ್ವಲ್ಪ ಆರಿದ ಮೇಲೆ ಬೆರೆಸಿದರೆ ತೊಂದರೆ ಕಡಿಮೆ.

ಬಹುತೇಕರಿಗೆ ಬಿಡಲು ಕಷ್ಟವಾಗುವುದು ಕಾಫಿಯಲ್ಲ, ಮೊಸರು. ಸೋಯಾ ಅಥವಾ ಕಡಲೆಕಾಯಿಯ ಹಾಲನ್ನು ಕುದಿಸಿ, ಉಗುರುಬೆಚ್ಚಗಾದಾಗ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಹಾಕಿ ಮುಚ್ಚಿಟ್ಟರೆ ಹೆಪ್ಪು ಕಟ್ಟುತ್ತದೆ. ಮುಂದಿನ ಸಲ ಅದನ್ನೇ ಹೆಪ್ಪಾಗಿ ಬಳಸಬಹುದು. ಮುಂಬಯಿ, ಪುಣೆಯವರಿಗೆ ಮಜ್ಜಿಗೆಯ ಸ್ಥಾನದಲ್ಲಿ ತೆಂಗಿನ ಹಾಲು ಮತ್ತು ಕೋಕಮ್‌ನಿಂದಾದ ಸೋಲಕಢಿ ಊಟದ ಕೊನೆಗೆ ಸಿದ್ಧವಾಗಿಯೇ ಇದೆ.