ಅಂಕಿಯ ಜಗಳ, ಹದಿನೈದು ವರ್ಷದ ಗಡುವು

ಸರ್ಕಾರಿ ಕಾಗದದಲ್ಲಿ 1, 2, 3 ಎಂದು ಬರೆಯಬೇಕೋ, ನಾಗರಿ ಅಂಕಿಗಳೇ ಇರಬೇಕೋ? 1949ರಲ್ಲಿ ಈ ಪ್ರಶ್ನೆಗೆ ಸಂವಿಧಾನ ರಚನಾ ಸಭೆಯ ಕಾಂಗ್ರೆಸ್ಸಿಗರೇ ಎರಡು ಬಣವಾಗಿ ನಿಂತರು. ಒಳಗೆ ಕುದಿಯುತ್ತಿದ್ದುದು ಹಿಂದಿಯ ಪ್ರಶ್ನೆ. ಹಿಂದೂಸ್ತಾನಿ ಬಾರದವರಿಗೆ ಭಾರತದಲ್ಲಿರುವ ಹಕ್ಕಿಲ್ಲ ಎಂದು ಸಭೆಯ ಸದಸ್ಯ ಆರ್. ವಿ. ಧುಲೇಕರ್ 1946ರಲ್ಲೇ ಗುಡುಗಿದ್ದರು. ಇಡೀ ಭಾರತ ಬೇಕೋ, ಹಿಂದಿ ಭಾರತ ಸಾಕೋ ನೀವೇ ಹೇಳಿ ಎಂದು ಮದರಾಸಿನ ಟಿ. ಟಿ. ಕೃಷ್ಣಮಾಚಾರಿ 1948ರಲ್ಲಿ ಉತ್ತರದ ಗೆಳೆಯರನ್ನು ಕೇಳಿದರು.

ಈ ಕಾವಿನ ನಡುವೆ ಸಭೆಯ ಸದಸ್ಯರಾದ ಕೆ. ಎಂ. ಮುನ್ಷಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಒಂದು ಸೂತ್ರ ಹೆಣೆದರು. ಹಿಂದಿ ಒಕ್ಕೂಟದ ಆಡಳಿತ ಭಾಷೆ, ಲಿಪಿ ದೇವನಾಗರಿ. ಅಂಕಿ ಮಾತ್ರ ಅಂತರರಾಷ್ಟ್ರೀಯ ರೂಪದವು. ಸಂವಿಧಾನ ಜಾರಿಯಾದ ಮೇಲೆ ಇಂಗ್ಲಿಷ್ ಇನ್ನೂ ಹದಿನೈದು ವರ್ಷ ಮುಂದುವರಿಯಬೇಕು. ಆಮೇಲೂ ಬೇಕೆನಿಸಿದರೆ ಸಂಸತ್ತು ಕಾನೂನು ಮಾಡಬಹುದು. ಈ ಕೊನೆಯ ಅವಕಾಶವೇ ಸೂತ್ರದ ಜೀವ ಎಂದು ನನಗನ್ನಿಸುತ್ತದೆ.

1949ರ ಸೆಪ್ಟೆಂಬರ್ 12ರಂದು ಚರ್ಚೆ ಶುರುವಾದಾಗ ಮುನ್ನೂರರಷ್ಟು ತಿದ್ದುಪಡಿಗಳು ಮೇಜಿನ ಮೇಲಿದ್ದವು. ಬಹುಮತದಿಂದ ಗೆದ್ದರೂ ದೇಶದ ಒಂದು ದೊಡ್ಡ ಭಾಗ ಒಪ್ಪದಿದ್ದರೆ ಜಾರಿಗೆ ತರುವುದು ಕಷ್ಟ ಎಂದು ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರು ಮೊದಲೇ ಎಚ್ಚರಿಸಿದರು. ಸ್ವತಃ ಹಿಂದಿಯ ಪಕ್ಷಪಾತಿಯಾದವರು ಆಡಿದ ಮಾತೆಂಬುದೇ ಅದರ ತೂಕ. ಹಿಂದಿ ಬಣದ ಪುರುಷೋತ್ತಮದಾಸ್ ಟಂಡನ್ ಅಂಕಿಯ ವಿಷಯದಲ್ಲಿ ಕೊನೆಯವರೆಗೂ ಮಣಿಯಲಿಲ್ಲ. ಆದರೂ 14ರಂದು ಸೂತ್ರ ಅಂಗೀಕಾರವಾಯಿತು.

ಇದನ್ನು ಅರೆಮನಸ್ಸಿನ ರಾಜಿ ಎನ್ನಬಹುದು. ಹೇಡಿತನ ಎಂದು ನಾನಂತೂ ಒಪ್ಪಲಾರೆ; ಸ್ವಂತ ಬಣದವರ ಸಿಟ್ಟಿಗೆ ಎದೆಯೊಡ್ಡುವುದಕ್ಕೆ ಎದುರಾಳಿಯನ್ನು ಬೈಯುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಸಾಲ ಮಾತ್ರ ಮುಂದಿನವರ ತಲೆಗೆ ಬಿತ್ತು.

1965ರ ಜನವರಿ 26ಕ್ಕೆ ಗಡುವು ಮುಗಿಯಿತು. ಇಂಗ್ಲಿಷನ್ನು ಮುಂದುವರಿಸಬಹುದೆಂಬ 1963ರ ಕಾಯ್ದೆ ಇದ್ದರೂ ಮದರಾಸಿನ ಜನರಿಗೆ ನಂಬಿಕೆ ಬರಲಿಲ್ಲ. ಬೀದಿಗಳು ಹೊತ್ತಿದವು, ಪ್ರಾಣಗಳು ಹೋದವು. ಆ ತಿಂಗಳ ಕೊನೆಗೆ ಬೆಂಗಳೂರಿನಲ್ಲಿ ಕಾಂಗ್ರೆಸ್ ನಾಯಕರಾದ ಕಾಮರಾಜ್, ಸಂಜೀವ ರೆಡ್ಡಿ, ಅತುಲ್ಯ ಘೋಷ್ ಜೊತೆ ಕೂತ ನಮ್ಮ ಅಂದಿನ ಮುಖ್ಯಮಂತ್ರಿ ನಿಜಲಿಂಗಪ್ಪನವರು, ಹಿಂದಿಯನ್ನು ಹೇರಬೇಡಿ ಎಂದು ತಮ್ಮದೇ ಪಕ್ಷದ ಸರ್ಕಾರ ದೆಹಲಿಯಲ್ಲಿದ್ದಾಗ ಹೇಳಿದರು. ಕೇಂದ್ರ ಸಚಿವ ಸಿ. ಸುಬ್ರಹ್ಮಣ್ಯಂ ರಾಜೀನಾಮೆ ಕೊಟ್ಟರು. ಫೆಬ್ರುವರಿ 11ರಂದು ಪ್ರಧಾನಿ ಶಾಸ್ತ್ರಿಯವರು ಆಕಾಶವಾಣಿಯಲ್ಲಿ, ಇಂಗ್ಲಿಷನ್ನು ಉಳಿಸುವ ಬಗ್ಗೆ ನೆಹರೂ ಕೊಟ್ಟಿದ್ದ ಭರವಸೆಗಳನ್ನು ಪಾಲಿಸುವುದಾಗಿ ಮಾತು ಕೊಟ್ಟರು.

1963ರ ಕಾಯ್ದೆಗೆ ಬಂದ 1967ರ ತಿದ್ದುಪಡಿ ಆ ಮಾತನ್ನು ಕಾನೂನಾಗಿಸಿತು: ಹಿಂದಿಯನ್ನು ಆಡಳಿತ ಭಾಷೆಯಾಗಿ ಒಪ್ಪದ ಎಲ್ಲ ರಾಜ್ಯಗಳ ಶಾಸನಸಭೆಗಳೂ ಬೇಡವೆನ್ನುವವರೆಗೆ, ಸಂಸತ್ತಿನ ಎರಡೂ ಸದನಗಳು ಅದಕ್ಕೆ ದನಿಗೂಡಿಸುವವರೆಗೆ, ಇಂಗ್ಲಿಷ್ ಉಳಿಯುತ್ತದೆ.