ಹೋರಿ ಪಳಗಿಸಲು ಎಂಥವರನ್ನು ಆರಿಸಬೇಕು?

ನೊಗ ಕಂಡೊಡನೆ ಮಲಗಿಬಿಡುವ ಎತ್ತು, ಹಿಂದೆ ಯಾರಾದರೂ ಸುಳಿದರೆ ಒದೆಯುವ ಎತ್ತು – ಇಂಥವು ಪ್ರತಿ ಊರಿನಲ್ಲೂ ಒಂದೆರಡು ಇರುತ್ತವೆ. ‘ಅದರ ಸುಳಿ ಸರಿಯಿಲ್ಲ’ ಎಂದು ಹೇಳುವುದು ವಾಡಿಕೆ. ಆದರೆ ಎಷ್ಟೋ ಸಲ ದೋಷವಿರುವುದು ಸುಳಿಯಲ್ಲಲ್ಲ, ಅದಕ್ಕೆ ಮೊದಲ ಸಲ ನೊಗ ಹೊರಿಸಿದವರ ಕೈಯಲ್ಲಿ.

ಹಿಂದೆ ಮನೆಯ ಹಿರಿಯರೇ ಹೋರಿಗಳಿಗೆ ಉಳುಮೆ ಕಲಿಸುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಈ ಕೆಲಸ ಬಲ್ಲವರು ಕಡಿಮೆಯಾಗಿದ್ದಾರೆ. ಘಾಟಿ ಸುಬ್ರಹ್ಮಣ್ಯದ ಇಲ್ಲವೆ ಸಿದ್ಧಗಂಗೆಯ ದನಗಳ ಜಾತ್ರೆಯಿಂದ ಸಾಲ ಮಾಡಿ ಜೋಡಿ ತಂದ ರೈತರು, ಕೂಲಿ ಕೊಟ್ಟು ಬೇರೆಯವರ ಕೈಗೆ ಒಪ್ಪಿಸಬೇಕಾಗುತ್ತದೆ. ಹಳ್ಳಿಕಾರ್, ಅಮೃತಮಹಲ್ ತಳಿಗಳು ಬಲು ಚುರುಕು, ಬೆದರುವುದೂ ಬೇಗ. ಒರಟು ಕೈಗೆ ಸಿಕ್ಕರೆ ಜೋಡಿಯೂ ಕೆಟ್ಟಿತು, ಹಾಕಿದ ಹಣವೂ ಹೋಯಿತು.

ದನ ಬೆದರುವುದೇಕೆ?

ದನದ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿವೆ. ಅಕ್ಕಪಕ್ಕದಲ್ಲಿ ನಡೆಯುವುದೆಲ್ಲ ಕಾಣುತ್ತದೆ. ನೇರ ಬೆನ್ನ ಹಿಂದಿನದು ಮಾತ್ರ ಕಾಣದು. ಸದ್ದಿಲ್ಲದೆ ಹಿಂದಿನಿಂದ ಹೋದರೆ ಒದೆಯುವುದು ಇದರಿಂದಲೇ. ಅದು ಹಟವಲ್ಲ, ಅಂಜಿಕೆ. ಹೊಡೆದವರನ್ನೂ ಮೈ ಸವರಿದವರನ್ನೂ ದನ ಗುರುತಿಟ್ಟುಕೊಳ್ಳುತ್ತದೆ.

ಒಪ್ಪಿಸುವ ಮೊದಲು ಗಮನಿಸಿ

1. ಅವರ ಕೊಟ್ಟಿಗೆಗೆ ಹೋಗಿ ನೋಡಿ. ಒಡೆಯರು ಒಳಗೆ ಬಂದಾಗ ಎತ್ತುಗಳು ಕತ್ತು ಚಾಚುತ್ತವೆಯೋ, ಹಗ್ಗ ಜಗ್ಗಿ ಹಿಂಜರಿಯುತ್ತವೆಯೋ? ಇದೇ ಮೊದಲ ಪರೀಕ್ಷೆ.

2. ಎತ್ತುಗಳ ಹೆಗಲು, ಮೂಗು, ಬಾಲ ನೋಡಿ. ಹೆಗಲು ಹುಣ್ಣು, ಹರಿದ ಹೊಳ್ಳೆ, ತಿರುಚಿ ಮುರಿದ ಬಾಲ ಇದ್ದರೆ ಅಂಥವರು ಬೇಡ.

3. ‘ಎಷ್ಟು ದಿನ ಬೇಕು?’ ಎಂದು ಕೇಳಿ. ಎಂಟೇ ದಿನದಲ್ಲಿ ಕಲಿಸಿಕೊಡುತ್ತೇನೆ ಎನ್ನುವವರಿಗಿಂತ, ಹೋರಿಯನ್ನು ನೋಡಿ ಹೇಳುತ್ತೇನೆ ಎನ್ನುವವರು ಮೇಲು.

4. ‘ಹೂಡಿದಾಗ ಮಲಗಿದರೆ ಏನು ಮಾಡುತ್ತೀರಿ?’ ಎಂದು ವಿಚಾರಿಸಿ. ಬಾಲ ಕಚ್ಚುವ, ಕಣ್ಣಿಗೆ ಖಾರ ಹಾಕುವ ಮಾತು ಬಂದರೆ ಹೋರಿ ಹಿಡಿದುಕೊಂಡು ಮನೆಗೆ ಬನ್ನಿ. ಬಲ್ಲವರು ನೊಗ ಸಡಿಲಿಸಿ, ಹೆಗಲು, ಗೊರಸು ನೋಡಿ, ದಣಿವಾರಿದ ಮೇಲೆ ಎಬ್ಬಿಸುತ್ತಾರೆ.

5. ನೀವೂ ಜೊತೆಯಲ್ಲಿರಲು ಒಪ್ಪುವರೇ ತಿಳಿಯಿರಿ. ಅವರು ಬಳಸುವ ಕೂಗು, ಹಗ್ಗದ ಸನ್ನೆ ನಿಮಗೂ ಬರಬೇಕು. ಇಲ್ಲವಾದರೆ ಕಲಿತ ಎತ್ತು ನಿಮ್ಮ ಹೊಲದಲ್ಲಿ ಕಕ್ಕಾಬಿಕ್ಕಿಯಾದೀತು.

ಕಲಿಸುವ ಕ್ರಮ

ಮೊದಲು ಮೈದಡವಿ ಸಲಿಗೆ ಬೆಳೆಸಬೇಕು. ಮೂಗುದಾರ ಹಾಕಿದ ಗಾಯ ಪೂರ್ತಿ ಮಾಯ್ದ ಮೇಲೆ ಹಗ್ಗ ಹಿಡಿದು ನಡೆಸುವುದು. ಬಳಿಕ ಸಾಧು ಸ್ವಭಾವದ ಹಳೆಯ ಎತ್ತಿನ ಜೊತೆಗೆ ಬರೀ ನೊಗ, ಅದು ರೂಢಿಯಾದ ಮೇಲೆ ಹಗುರವಾದ ಕೊರಡು, ಆಮೇಲೆ ಕುಂಟೆ, ಕೊನೆಗೆ ನೇಗಿಲು. ಆರಂಭದಲ್ಲಿ ತಂಪು ಹೊತ್ತಿನಲ್ಲಿ ಕಾಲು ಗಂಟೆ ಸಾಕು. ಹೋರಿ ಹೇಳಿದಂತೆ ಒಂದು ಹೆಜ್ಜೆ ಇಟ್ಟರೂ ಆ ಕ್ಷಣವೇ ಹಗ್ಗ ಸಡಿಲಿಸಬೇಕು. ಆ ಸಡಿಲವೇ ಅದಕ್ಕೆ ಶಾಭಾಸ್‌ಗಿರಿ. ಸರಿಯಾಗಿ ನಡೆದ ಮೇಲೂ ಜಗ್ಗುತ್ತಲೇ ಇದ್ದರೆ ಅದು ಕಲಿಯುವುದಾದರೂ ಏನನ್ನು?

ಕಾನೂನೂ ಇದೆ

ಪ್ರಾಣಿಗಳನ್ನು ಹಿಂಸಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಎಳೆಯುವ ಹಾಗೂ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಮಾಡಿದ ನಿಯಮಗಳ ಪ್ರಕಾರ ಮೊಳೆ ಹೊಡೆದ ಬಾರುಕೋಲನ್ನು ಬಳಸುವಂತಿಲ್ಲ. ದಿನಕ್ಕೆ 9 ಗಂಟೆಗಿಂತ ಹೆಚ್ಚಾಗಲಿ, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚಾಗಲಿ ಅವುಗಳಿಂದ ಎಳೆಸಬಾರದು.

ರೈತ ಬಾಂಧವರೇ, ಹೋರಿಯನ್ನು ಕೊಳ್ಳುವಾಗ ಹಲ್ಲು, ಸುಳಿ, ಕೊಂಬು ನೋಡುತ್ತೀರಿ. ಪಳಗಿಸುವವರನ್ನು ಆರಿಸುವಾಗಲೂ ಅಷ್ಟೇ ಎಚ್ಚರ ವಹಿಸಿರಿ. ಹತ್ತಾರು ವರ್ಷ ನಿಮ್ಮ ಹೊಲ ಉಳಬೇಕಾದ ಜೋಡಿಗೆ ಮೊದಲ ಒಂದು ತಿಂಗಳ ತಾಳ್ಮೆ ದುಬಾರಿಯೇನಲ್ಲ.